ಗಿಡ ಮೊದಲು, ಮೀನು ಆಮೇಲೆ

ಕೊಳವೆಬಾವಿಯ ಗಡಸು ನೀರಿನಲ್ಲೂ ಹಸಿರು ಅಕ್ವೇರಿಯಂ ಸೊಗಸಾಗಿ ಬೆಳೆಯುತ್ತದೆ. ಊರಿನ ನೀರನ್ನು ಅರಿತು ಗಿಡ, ಮೀನು ಆರಿಸಬೇಕು. ಒಂದು ತಿಂಗಳು ತಾಳ್ಮೆ ಬೇಕು.

ಹೊಸ ಮನೆ ಕಟ್ಟಿದವರು, ಮಕ್ಕಳ ಹಟಕ್ಕೆ ಮಣಿದವರು ತುಮಕೂರಿಗೋ ಬೆಂಗಳೂರಿಗೋ ಹೋಗಿ ಗಾಜಿನ ತೊಟ್ಟಿ, ಬಣ್ಣದ ಜಲ್ಲಿ, ಪ್ಲಾಸ್ಟಿಕ್ ಗಿಡ, ನಾಲ್ಕಾರು ಗೋಲ್ಡ್‌ಫಿಶ್ ಎಲ್ಲವನ್ನೂ ಒಂದೇ ದಿನ ತರುತ್ತಾರೆ. ಸಂಜೆಯೊಳಗೆ ನೀರು ತುಂಬಿ ಮೀನು ಬಿಟ್ಟೂ ಆಗಿರುತ್ತದೆ. ವಾರ ಕಳೆಯುವಷ್ಟರಲ್ಲಿ ನೀರು ಮಬ್ಬಾಗುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗುತ್ತವೆ, ಒಂದೊಂದಾಗಿ ಸಾಯುತ್ತವೆ. ತೊಟ್ಟಿ ಅಟ್ಟ ಸೇರುತ್ತದೆ. ‘ನಮ್ಮೂರ ನೀರು ಮೀನಿಗೆ ಆಗಿಬರಲ್ಲ’ ಎಂಬ ತೀರ್ಮಾನವೊಂದು ಮನೆಯಲ್ಲಿ ಉಳಿದುಬಿಡುತ್ತದೆ.

ಕುಣಿಗಲ್ ತಾಲ್ಲೂಕಿನ ಅಮೃತೂರು ಕಡೆಯವರ ಬಾಯಲ್ಲಿ ಈ ಮಾತು ಕೇಳಿದಾಗ ನನಗೆ ಬೇಸರವಾಗುತ್ತದೆ. ಇದು ಕೆರೆ, ನಾಲೆಗಳ ಸೀಮೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿಸಿ, ಕುಣಿಗಲ್ ತಾಲ್ಲೂಕಿಗೆ ಬಂದು ಮಾರ್ಕೋನಹಳ್ಳಿಯಲ್ಲಿ ಜಲಾಶಯವಾಗಿ ನಿಲ್ಲುತ್ತದೆ. ಅಲ್ಲಿಂದ ಹೊರಟ ನಾಲೆಗಳು ಈ ಭಾಗದ ಗದ್ದೆ ತೋಟಗಳನ್ನು ಹಾಯುತ್ತವೆ. ಇಲ್ಲಿನ ನೀರಿನಲ್ಲಿ ಮೀನೂ ಬೆಳೆದಿದೆ, ನೀರೊಳಗಿನ ಗಿಡವೂ ಬೆಳೆದಿದೆ. ಮನೆಯ ತೊಟ್ಟಿ ಸೋಲುವುದು ನೀರಿನ ದೋಷದಿಂದಲ್ಲ, ಕ್ರಮ ತಪ್ಪುವುದರಿಂದ. ನೀರನ್ನು ಅರಿಯುವುದು, ಗಿಡ ನೆಡುವುದು, ಕಾಯುವುದು, ಮೀನು ಬಿಡುವುದು: ಈ ಕ್ರಮ ಹಿಡಿದವರ ಮನೆಯಲ್ಲಿ ತೊಟ್ಟಿ ವರ್ಷಗಟ್ಟಲೆ ನಿಲ್ಲುತ್ತದೆ.

1850ರ ಒಂದು ಪ್ರಯೋಗ

ಗಿಡ ಏಕೆ ಬೇಕು ಎಂಬುದಕ್ಕೆ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲೇ ಉತ್ತರ ಕಂಡುಕೊಂಡಿದ್ದರು. ಗಾಜಿನ ಪಾತ್ರೆಯೊಂದರಲ್ಲಿ ಮರಳು ಹಾಸಿ, ವ್ಯಾಲಿಸ್ನೇರಿಯಾ ಎಂಬ ನೀರುಗಿಡ ನೆಟ್ಟು, ಎರಡು ಸಣ್ಣ ಗೋಲ್ಡ್‌ಫಿಶ್ ಬಿಟ್ಟರು. ಗಿಡ ಬಿಡುವ ಆಮ್ಲಜನಕ ಮೀನಿಗೆ, ಮೀನು ಬಿಡುವ ಇಂಗಾಲದ ಡೈಆಕ್ಸೈಡ್ ಗಿಡಕ್ಕೆ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಕೆಲವು ದಿನಗಳಲ್ಲಿ ಹಳೆಯ ಎಲೆಗಳು ಕೊಳೆತು ನೀರು ಕದಡಿತು. ಆಗ ಅವರು ಕೊಳದ ಬಸವನಹುಳುಗಳನ್ನು ತಂದು ಬಿಟ್ಟರು. ಅವು ಕೊಳೆತ ಎಲೆಯನ್ನೂ ಪಾಚಿಯನ್ನೂ ತಿಂದವು, ಅವುಗಳ ಮೊಟ್ಟೆ ಮರಿಗಳು ಮೀನಿಗೆ ಆಹಾರವಾದವು, ನೀರು ತಿಳಿಯಾಯಿತು. ಗಿಡ, ಮೀನು, ಕೊಳೆಯನ್ನು ತಿನ್ನುವ ಜೀವಿ, ಈ ಮೂರೂ ಸೇರಿದರೆ ಮಾತ್ರ ತೊಟ್ಟಿ ನಿಲ್ಲುತ್ತದೆ ಎಂಬ ಅವರ ಪಾಠ ಇಂದಿಗೂ ಬದಲಾಗಿಲ್ಲ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನಿನ ಮನೆ ತೆರೆದದ್ದು ಇಂಥ ಪ್ರಯೋಗಗಳ ಬೆನ್ನಿಗೇ.

ಗಿಡದ ತೊಟ್ಟಿಯನ್ನು ಕಲೆಯ ಮಟ್ಟಕ್ಕೆ ಏರಿಸಿದವರು ಜಪಾನಿನ ತಕಾಶಿ ಅಮಾನೊ (1954–2015). ಕಲ್ಲು, ಕೊರಡು, ಪಾಚಿಗಿಡಗಳಿಂದ ತೊಟ್ಟಿಯೊಳಗೆ ಬೆಟ್ಟ ಕಣಿವೆಗಳನ್ನೇ ಕಟ್ಟಿ ತೋರಿಸಿದವರು ಅವರು. ಅಂಥ ತೊಟ್ಟಿಗೆ ಇಂಗಾಲದ ಡೈಆಕ್ಸೈಡ್ ಸಿಲಿಂಡರ್, ಪ್ರಖರ ದೀಪ, ವಾರವಾರವೂ ಕತ್ತರಿ ಕೆಲಸ ಬೇಕು. ಇದಕ್ಕೆ ಬೇರೆಯದೇ ದಾರಿ ಹಿಡಿದವರು ಅಮೆರಿಕದ ಡಯಾನಾ ವಾಲ್‌ಸ್ಟಡ್. 1999ರಲ್ಲಿ ಬಂದ ಅವರ ಪುಸ್ತಕ ಸಾದಾ ಮಣ್ಣು, ಮಿತವಾದ ಬೆಳಕು, ಕಡಿಮೆ ಮೀನು, ತುಂಬ ಗಿಡ ಎನ್ನುತ್ತದೆ. ನಮ್ಮ ಊರುಗಳ ಮನೆಗೆ, ಕೈಕೊಡುವ ಕರೆಂಟಿಗೆ, ಜೇಬಿಗೆ ಹೊಂದುವುದು ಈ ಎರಡನೆಯ ದಾರಿ.

ನಿಮ್ಮ ನೀರು ಎಂಥದು?

ನೀರಿನ ಗುಣವನ್ನು ಅಡುಗೆಮನೆಯೇ ಹೇಳುತ್ತದೆ. ಸೋಪು ನೊರೆ ಬಿಡುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ ಎಂದರೆ ಅದು ಗಡಸು ನೀರು. ತುಮಕೂರು ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರು ಹೀಗೆಯೇ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್ ಹೆಚ್ಚು. ಕೆರೆ, ನಾಲೆಯ ನೀರು ಸಾಮಾನ್ಯವಾಗಿ ಇದಕ್ಕಿಂತ ಮೆದು.

ಗಡಸು ನೀರೆಂದು ಹೆದರಬೇಕಿಲ್ಲ. ಹೈಸ್ಕೂಲಿನ ವಿಜ್ಞಾನದ ಪ್ರಯೋಗವೊಂದು ನೆನಪಿರಬಹುದು: ಬೀಕರಿನಲ್ಲಿ ಹೈಡ್ರಿಲ್ಲಾ ಇಟ್ಟು, ಮೇಲೆ ಆಲಿಕೆ ಬೋರಲು ಹಾಕಿ, ಬಿಸಿಲಿಗಿಟ್ಟು ಗುಳ್ಳೆ ನೋಡುವುದು. ಮೇಷ್ಟ್ರು ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕುತ್ತಿದ್ದರು, ಗುಳ್ಳೆಗಳು ಹೆಚ್ಚುತ್ತಿದ್ದವು. ಅಡುಗೆ ಸೋಡಾ ಎಂದರೆ ಬೈಕಾರ್ಬನೇಟ್. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್ ಮುಂತಾದ ಗಿಡಗಳು ಇಂಗಾಲವನ್ನು ಬೈಕಾರ್ಬನೇಟಿನಿಂದಲೂ ಹೀರಿಕೊಳ್ಳಬಲ್ಲವು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ಅದೇ ಅಂಶ ಈ ಗಿಡಗಳಿಗೆ ಆಹಾರ. ಸಿಲಿಂಡರ್ ಇಲ್ಲದೆಯೂ ಅವು ನಮ್ಮ ನೀರಿನಲ್ಲಿ ಹುಲುಸಾಗುವುದು ಇದೇ ಕಾರಣಕ್ಕೆ.

ಎರಡು ಎಚ್ಚರಿಕೆ ಬೇಕು. ಕೊಳವೆಬಾವಿಯಿಂದ ಆಗತಾನೆ ಮೇಲೆತ್ತಿದ ನೀರಿನಲ್ಲಿ ಕರಗಿದ ಆಮ್ಲಜನಕ ತೀರ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಅದನ್ನು ನೇರವಾಗಿ ಮೀನಿಗೆ ಬಿಡಬಾರದು. ಅಗಲವಾದ ಪಾತ್ರೆಯಲ್ಲಿ ಒಂದು ದಿನ ಇಟ್ಟು, ಆಗಾಗ ಕಲಕಿ ಗಾಳಿಯಾಡಿಸಬೇಕು. ನಲ್ಲಿಯ ನೀರಾದರೆ ಕ್ಲೋರಿನ್ ಇರುತ್ತದೆ, ಅದೂ ಒಂದು ದಿನ ತೆರೆದಿಟ್ಟರೆ ಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಕ್ಲೋರಿನ್ ತೆಗೆಯುವ ಹನಿ ಸಿಗುತ್ತದೆ. ಇನ್ನೊಂದು, ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನು ತೊಟ್ಟಿ ತುಂಬ ಸುರಿಯುವುದು ಬೇಡ. ಗಿಡಕ್ಕೂ ಮೀನಿಗೂ ಬೇಕಾದ ಲವಣಗಳನ್ನು ಆ ಘಟಕ ತೆಗೆದುಬಿಟ್ಟಿರುತ್ತದೆ. ಕೊಳವೆಬಾವಿಯ ನೀರು ವಿಪರೀತ ಗಡಸಾಗಿದ್ದರೆ ಎರಡನ್ನೂ ಬೆರೆಸಿ ಹದ ಮಾಡಿಕೊಳ್ಳಬಹುದು.

ತೊಟ್ಟಿ, ಮಣ್ಣು, ಬೆಳಕು

ಹೊಸಬರು ಸಣ್ಣ ತೊಟ್ಟಿ ಸುಲಭವೆಂದುಕೊಳ್ಳುತ್ತಾರೆ. ನೀರು ಕಡಿಮೆಯಿದ್ದಷ್ಟೂ ಬಿಸಿ ಬೇಗ ಏರುತ್ತದೆ, ಕೊಳೆ ಬೇಗ ವಿಷವಾಗುತ್ತದೆ. 2 ಅಡಿ ಉದ್ದ, 1 ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿ ಆರಂಭಕ್ಕೆ ಹದವಾದದ್ದು. ಇದರಲ್ಲಿ ಸುಮಾರು 70 ಲೀಟರ್ ನೀರು ಹಿಡಿಯುತ್ತದೆ. ನೀರು, ಗಾಜು, ಮಣ್ಣು, ಕಲ್ಲು ಎಲ್ಲ ಸೇರಿದರೆ ಭಾರ 100 ಕಿಲೋ ಮುಟ್ಟುವುದರಿಂದ ಟೀಪಾಯಿ, ಟಿವಿ ಸ್ಟ್ಯಾಂಡ್ ತಡೆಯುವುದಿಲ್ಲ. ಗಟ್ಟಿ ಮೇಜು, ಅದರ ಮೇಲೆ ಒಂದು ಥರ್ಮಾಕೋಲ್ ಹಾಳೆ ಇರಲಿ. ಕಿಟಕಿಯ ಬಿಸಿಲು ನೇರವಾಗಿ ಬೀಳುವ ಜಾಗ ಬೇಡ, ಅಲ್ಲಿ ಪಾಚಿ ಕಟ್ಟುತ್ತದೆ, ಬೇಸಿಗೆಯಲ್ಲಿ ನೀರು ಕಾಯುತ್ತದೆ.

ತಳಕ್ಕೆ ನಮ್ಮ ಕೆಂಪು ಮಣ್ಣೇ ಸಾಕು. ಅದರಲ್ಲಿ ಕಬ್ಬಿಣದ ಅಂಶ ಧಾರಾಳ. ಕಡ್ಡಿ, ಬೇರು, ಕಲ್ಲು ತೆಗೆದು ಜರಡಿ ಹಿಡಿದು ಒಂದು ಇಂಚು ಹರಡಬೇಕು. ಅದರ ಮೇಲೆ ನೀರು ತಿಳಿಯಾಗುವವರೆಗೆ ತೊಳೆದ ದಪ್ಪ ಮರಳನ್ನೋ ಸಣ್ಣ ಜಲ್ಲಿಯನ್ನೋ ಒಂದೂವರೆ ಇಂಚು ಹಾಸಬೇಕು. ಗೊಬ್ಬರ ಬೆರೆಸುವಂತಿಲ್ಲ. ಕೆರೆಗೋಡು ಹೊಲಕ್ಕೆ ಎಷ್ಟೇ ಒಳ್ಳೆಯದಾದರೂ ತೊಟ್ಟಿಗೆ ಬೇಡ; ಅದರಲ್ಲಿನ ಕೊಳೆತ ಅಂಶ ಮರಳಿನ ಕೆಳಗೆ ಗಾಳಿಯಿಲ್ಲದೆ ಹುದುಗಿ ಕೆಟ್ಟ ವಾಸನೆಯ ಅನಿಲ ಬಿಡುತ್ತದೆ. ಮೈಲುತುತ್ತದ ದ್ರಾವಣ ಸಿಂಪಡಿಸಿದ ತೋಟದ ಮಣ್ಣನ್ನಂತೂ ಮುಟ್ಟಲೇಬಾರದು. ಮೈಲುತುತ್ತವೆಂದರೆ ತಾಮ್ರ, ಸಿಗಡಿಗೂ ಬಸವನಹುಳುವಿಗೂ ಅದು ವಿಷ.

ಕಲ್ಲಿಗೂ ಒಂದು ಪರೀಕ್ಷೆಯಿದೆ. ಒಣಗಿದ ಕಲ್ಲಿನ ಮೇಲೆ ವಿನೆಗರ್ ಇಲ್ಲವೇ ನಿಂಬೆರಸದ ನಾಲ್ಕು ಹನಿ ಬಿಟ್ಟು ಕಿವಿ ಹತ್ತಿರ ತಂದು ನೋಡಿ. ಬುಸುಗುಟ್ಟಿ ನೊರೆಯೆದ್ದರೆ ಅದು ಸುಣ್ಣದ ಕಲ್ಲು. ಈಗಾಗಲೇ ಗಡಸಾಗಿರುವ ನೀರನ್ನು ಅದು ಇನ್ನೂ ಗಡಸು ಮಾಡುತ್ತದೆ. ನಮ್ಮ ಕಡೆಯ ಕರಿಕಲ್ಲು ಸುಮ್ಮನಿರುತ್ತದೆ, ಧೈರ್ಯವಾಗಿ ಇಡಬಹುದು.

ದೀಪಕ್ಕೆ ಬಿಳಿ ಎಲ್‌ಇಡಿ ಸಾಕು. ಮೊದಲ ತಿಂಗಳು ದಿನಕ್ಕೆ 6 ಗಂಟೆ, ಗಿಡ ಬೇರೂರಿದ ಮೇಲೆ 8 ಗಂಟೆ. ‘ಚೆನ್ನಾಗಿ ಕಾಣುತ್ತೆ’ ಎಂದು ಬೆಳಗಿನಿಂದ ರಾತ್ರಿಯವರೆಗೆ ಉರಿಸಿದರೆ ಗಿಡಕ್ಕಿಂತ ಪಾಚಿಯೇ ಮುಂದಾಗುತ್ತದೆ.

ಯಾವ ಗಿಡ?

ಮೊದಲ ದಿನವೇ ತೊಟ್ಟಿಯ ಮುಕ್ಕಾಲು ಪಾಲು ಗಿಡದಿಂದ ತುಂಬಬೇಕು. ನಾಲ್ಕು ಕಡ್ಡಿ ನೆಟ್ಟು ಬೆಳೆಯಲಿ ಎಂದು ಕಾದರೆ ಆ ಖಾಲಿ ಜಾಗವನ್ನು ಪಾಚಿ ಆಕ್ರಮಿಸುತ್ತದೆ. ಹಿಂಬದಿಗೆ ರಿಬ್ಬನ್ನಿನಂಥ ಎಲೆಯ ವ್ಯಾಲಿಸ್ನೇರಿಯಾ, ಬದಿಗಳಿಗೆ ಹೈಗ್ರೋಫಿಲಾ, ಲಿಮ್ನೋಫಿಲಾ, ನಡುವೆ ಕ್ರಿಪ್ಟೊಕೊರೈನ್, ಮೇಲೆ ತೇಲಲು ಹಾರ್ನ್‌ವರ್ಟ್. ನೀರುಬ್ರಾಹ್ಮಿ ಎಂದು ಮನೆಮದ್ದಿನಲ್ಲಿ ಬಳಸುವ ಬಕೋಪಾ ಕೂಡ ನೀರೊಳಗೆ ನೆಟ್ಟಗೆ ಬೆಳೆಯುತ್ತದೆ. ಇವೆಲ್ಲ ಭಾರತದ ಕೆರೆಕಟ್ಟೆಗಳಿಗೆ ಹೊಸವಲ್ಲ. ಜಗತ್ತಿನ ಅಕ್ವೇರಿಯಂ ಪ್ರಿಯರು ಮುಗಿಬಿದ್ದು ಕೊಳ್ಳುವ ಕೆಂಪು ಗಿಡ ರೊಟಾಲಾ ಮ್ಯಾಕ್ರಾಂಡ್ರಾ ದಕ್ಷಿಣ ಭಾರತದ್ದು, ಲಾಜಿನಾಂಡ್ರಾ ಮೀಬೋಲ್ಡಿ ಪಶ್ಚಿಮ ಘಟ್ಟದ್ದು. ಆದರೆ ರೊಟಾಲಾ ಮ್ಯಾಕ್ರಾಂಡ್ರಾಗೆ ಮೆದು ನೀರು, ಬಲವಾದ ಬೆಳಕು ಬೇಕು. ಕೈ ಪಳಗಿದ ಮೇಲೆ ಪ್ರಯತ್ನಿಸಬಹುದು.

ನೆಡುವಾಗ ವ್ಯಾಲಿಸ್ನೇರಿಯಾದ ಬೇರಷ್ಟೇ ಮರಳಿನೊಳಗೆ ಹೋಗಬೇಕು, ಎಲೆ ಹೊರಡುವ ಬುಡ ಮೇಲಿರಬೇಕು, ಹೂತುಹೋದರೆ ಕೊಳೆಯುತ್ತದೆ. ಅನುಬಿಯಸ್, ಜಾವಾ ಫರ್ನ್ ಗಿಡಗಳನ್ನು ಮಣ್ಣಿಗೆ ನೆಡದೆ ಕಲ್ಲಿಗೋ ಕೊರಡಿಗೋ ದಾರದಿಂದ ಕಟ್ಟಬೇಕು. ಮೊದಲ ಎರಡು ವಾರ ಎಲೆಗಳು ಕರಗಿದರೆ ಗಾಬರಿಯಾಗಿ ಕಿತ್ತೆಸೆಯಬೇಡಿ. ನರ್ಸರಿಗಳಲ್ಲಿ ಎಷ್ಟೋ ಗಿಡಗಳನ್ನು ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸಿರುತ್ತಾರೆ. ಆ ಎಲೆ ನೀರೊಳಗೆ ಬಾಳುವುದಿಲ್ಲ, ಬುಡದಿಂದ ಹೊಸ ಎಲೆ ಬರುತ್ತದೆ. ಕ್ರಿಪ್ಟೊಕೊರೈನ್ ಜಾಗ ಬದಲಾದರೂ ಸಾಕು, ಪೂರ್ತಿ ಕರಗಿ ಮತ್ತೆ ಚಿಗುರುತ್ತದೆ.

ಬೇರೂರಿದ ವ್ಯಾಲಿಸ್ನೇರಿಯಾವನ್ನು ಮಧ್ಯಾಹ್ನದ ಹೊತ್ತು ಗಾಜಿಗೆ ಕಣ್ಣಿಟ್ಟು ನೋಡಬೇಕು. ಎಲೆಯ ಅಂಚಿನ ಒಂದು ಬಿಂದುವಿನಿಂದ ಸೂಜಿಮೊನೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು, ಒಂದೇ ಗೆರೆಯಲ್ಲಿ ಮೇಲೇರುತ್ತವೆ. ಬುಡದಿಂದ ಹೊರಟ ಬಿಳಿ ಬಳ್ಳಿ ಮರಳಿನ ಮೇಲೆ ಗೇಣುದ್ದ ಹರಿದು, ತುದಿಯಲ್ಲಿ ಮೂರೆಲೆಯ ಮರಿಗಿಡ ಬಿಡುತ್ತದೆ. ಹೂ ಬಿಡುವ ಕಾಲ ಬಂದರೆ ಹೆಣ್ಣು ಹೂ ಉದ್ದದ ತೊಟ್ಟಿನ ತುದಿಯಲ್ಲಿ ನೀರಿನ ಮೇಲ್ಮೈಗೆ ಬಂದು ಅರಳುತ್ತದೆ. ಗಂಡು ಹೂಗಳು ತಳದಿಂದಲೇ ಕಳಚಿಕೊಂಡು, ಸಾಸಿವೆಗಿಂತ ಸಣ್ಣ ದೋಣಿಗಳಾಗಿ ತೇಲಿ ಬಂದು ಅದನ್ನು ಮುಟ್ಟುತ್ತವೆ. ಪರಾಗಸ್ಪರ್ಶವಾದ ಮೇಲೆ ತೊಟ್ಟು ಸುರುಳಿ ಸುತ್ತಿಕೊಂಡು ಕಾಯಿಯನ್ನು ನೀರೊಳಗೆ ಎಳೆದುಕೊಳ್ಳುತ್ತದೆ.

ಕೆರೆಯಿಂದ ಹೈಡ್ರಿಲ್ಲಾ ತರುವುದಾದರೆ ಒಂದೆರಡು ವಾರ ಬೇರೆ ಬಕೆಟ್ಟಿನಲ್ಲಿಟ್ಟು ನೋಡಿ. ಅದರೊಳಗೆ ಜಿಗಣೆ ಇರಬಹುದು, ಏರೋಪ್ಲೇನ್ ಚಿಟ್ಟೆಯ ಮರಿಹುಳು ಇರಬಹುದು. ಆ ಹುಳು ಸಣ್ಣ ಮೀನನ್ನೇ ಹಿಡಿದು ತಿನ್ನುತ್ತದೆ.

ಕಾಯುವ ತಿಂಗಳು

ಹೊಸ ತೊಟ್ಟಿಯ ಮೀನು ಏಕೆ ಸಾಯುತ್ತವೆ? ಮೀನಿನ ಕಿವಿರು, ಹೊಲಸು, ಉಳಿದ ತಿಂಡಿ ಎಲ್ಲದರಿಂದಲೂ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲ ಎರಡೂ ಮೀನಿಗೆ ವಿಷ, ಕೊನೆಯದು ಗಿಡಕ್ಕೆ ಗೊಬ್ಬರ. ಈ ಬ್ಯಾಕ್ಟೀರಿಯಾಗಳು ಮರಳು, ಫಿಲ್ಟರಿನ ಸ್ಪಂಜು, ಎಲೆಗಳ ಮೇಲೆ ನೆಲೆಗೊಳ್ಳಲು 4ರಿಂದ 6 ವಾರ ಹಿಡಿಯುತ್ತದೆ. ಅಂಗಡಿಯಿಂದ ತಂದ ದಿನವೇ ಮೀನು ಬಿಟ್ಟವರ ತೊಟ್ಟಿಯಲ್ಲಿ ಅವು ಇರುವುದೇ ಇಲ್ಲ.

ನಮ್ಮ ನೀರಿನಲ್ಲಿ ಈ ಕಾಯುವಿಕೆ ಇನ್ನೂ ಮುಖ್ಯ. ನೀರು ಕ್ಷಾರೀಯವಾದಷ್ಟೂ ಅಮೋನಿಯಾದ ವಿಷ ಏರುತ್ತದೆ. ಪಿಎಚ್ 7ರಿಂದ 8ಕ್ಕೆ ಹೋದರೆ ವಿಷರೂಪದ ಅಮೋನಿಯಾದ ಪಾಲು ಹತ್ತಿರ ಹತ್ತಿರ ಹತ್ತು ಪಟ್ಟಾಗುತ್ತದೆ. ‘ನಮ್ಮೂರ ನೀರು ಆಗಿಬರಲ್ಲ’ ಎಂಬ ಮಾತಿನ ಹಿಂದಿರುವ ನಿಜ ಇದು. ಇಲ್ಲಿ ಗಿಡಗಳು ಕಾಪಾಡುತ್ತವೆ. ಹೆಚ್ಚಿನ ನೀರುಗಿಡಗಳು ಅಮೋನಿಯಾವನ್ನೇ ಮೊದಲು ಹೀರಿಕೊಳ್ಳುತ್ತವೆ. ಬೇಗ ಬೆಳೆಯುವ ಹಾರ್ನ್‌ವರ್ಟ್, ಹೈಗ್ರೋಫಿಲಾ ತುಂಬಿರುವ ತೊಟ್ಟಿಯಲ್ಲಿ ಅದು ಕೂಡಿಕೊಳ್ಳಲು ಎಡೆಯೇ ಸಿಗುವುದಿಲ್ಲ. ಅಮೋನಿಯಾ, ನೈಟ್ರೈಟ್ ಪರೀಕ್ಷಿಸುವ ಕಿಟ್ ಒಂದು ತಂದಿಟ್ಟುಕೊಂಡು, ಎರಡೂ ಸೊನ್ನೆ ತೋರಿಸಿದ ಮೇಲೆ ಮೀನಿನ ಮಾತು. ಈ ತಿಂಗಳಲ್ಲಿ ಗಾಜಿನ ಮೇಲೆ ಕಂದು ಪಾಚಿ ಬಂದರೆ ಒರೆಸಿ ತೆಗೆಯಿರಿ. ಎಲ್ಲ ಹೊಸ ತೊಟ್ಟಿಗೂ ಅದು ಬರುತ್ತದೆ, ತಾನಾಗಿಯೇ ಹೋಗುತ್ತದೆ.

ಯಾವ ಮೀನು?

ಗೋಲ್ಡ್‌ಫಿಶ್ ಈ ತೊಟ್ಟಿಗೆ ಸಲ್ಲದು. ಅದು ಎಳೆ ಗಿಡ ತಿನ್ನುತ್ತದೆ, ಮರಳು ಕೆದಕುತ್ತದೆ, ಗೇಣುದ್ದ ಬೆಳೆಯುತ್ತದೆ. ಗಡಸು ನೀರಿಗೆ ಹೇಳಿ ಮಾಡಿಸಿದ್ದು ಗಪ್ಪಿ, ಪ್ಲಾಟಿ, ಮೋಲಿ. ಗಪ್ಪಿ ದಕ್ಷಿಣ ಅಮೆರಿಕದ ಮೀನಾದರೂ ಸೊಳ್ಳೆ ಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆಯವರು ನಮ್ಮ ಬಾವಿ ತೊಟ್ಟಿಗಳಿಗೆ ಬಿಡುವುದರಿಂದ ಊರವರಿಗೆ ಪರಿಚಿತ. ಸಾಕುವಾಗ ಗಂಡುಗಳನ್ನಷ್ಟೇ ತನ್ನಿ. ಒಮ್ಮೆ ಗಂಡಿನ ಜೊತೆಯಿದ್ದ ಹೆಣ್ಣು ಆಮೇಲೆ ಒಂಟಿಯಾಗಿದ್ದರೂ ತಿಂಗಳುಗಟ್ಟಲೆ ಮರಿ ಹಾಕುತ್ತಲೇ ಇರುತ್ತದೆ.

ನನಗೆ ಹೆಚ್ಚು ಇಷ್ಟ ನಮ್ಮ ದೇಶದ ಮೀನುಗಳೇ. ಜೀಬ್ರಾ ಡೇನಿಯೊ ನೀಲಿ ಪಟ್ಟೆಯ, ಒಂದೂವರೆ ಇಂಚಿನ, ದಿನವಿಡೀ ಓಡಾಡುವ ಮೀನು. ಗಡಸು ನೀರನ್ನೂ ಧನುರ್ಮಾಸದ ಚಳಿಯನ್ನೂ ತಡೆಯುತ್ತದೆ. ಜಗತ್ತಿನ ಪ್ರಯೋಗಾಲಯಗಳಲ್ಲಿ ವಂಶವಾಹಿ ಸಂಶೋಧನೆಗೆ ಸಾಕುವುದೂ ಇದನ್ನೇ. ಜೇನುಬಣ್ಣದ ಹನಿ ಗೌರಾಮಿ ಗಿಡಗಳ ನಡುವೆ ನಿಧಾನವಾಗಿ ಸುಳಿಯುತ್ತದೆ, ಆಗಾಗ ಮೇಲೆ ಬಂದು ಗಾಳಿ ಕುಡಿಯುತ್ತದೆ. ಈ ಎರಡಕ್ಕೂ 1822ರಲ್ಲಿ ವೈಜ್ಞಾನಿಕ ಹೆಸರಿಟ್ಟವರು ಫ್ರಾನ್ಸಿಸ್ ಹ್ಯಾಮಿಲ್ಟನ್, ಗಂಗಾನದಿಯ ಮೀನುಗಳ ಕುರಿತ ತಮ್ಮ ಗ್ರಂಥದಲ್ಲಿ. ಫ್ರಾನ್ಸಿಸ್ ಬುಕಾನನ್ ಎಂಬ ತಮ್ಮ ಮೊದಲ ಹೆಸರಿನಲ್ಲಿ ಅವರು ನಮ್ಮವರಿಗೆ ಗೊತ್ತು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿ ಗುಬ್ಬಿಯ ಸಂತೆ, ವ್ಯಾಪಾರಗಳನ್ನು ವಿವರವಾಗಿ ಬರೆದಿಟ್ಟವರು ಅವರೇ.

70 ಲೀಟರಿಗೆ 8 ಜೀಬ್ರಾ, ಒಂದು ಜೋಡಿ ಹನಿ ಗೌರಾಮಿ ಸಾಕು. ಇಲ್ಲವೇ 8ರಿಂದ 10 ಗಂಡು ಗಪ್ಪಿ. ಜೊತೆಗೆ ಪಾಚಿ ಮೇಯಲು ಹತ್ತು ಚೆರ್ರಿ ಸಿಗಡಿ. ಅವುಗಳ ಮರಿಗಳಲ್ಲಿ ಕೆಲವು ಮೀನಿನ ಬಾಯಿಗೆ ಹೋಗುತ್ತವೆ, ಜಾವಾ ಮಾಸ್ ಎಂಬ ಗಿಡ ಒತ್ತಾಗಿದ್ದರೆ ಉಳಿದವು ಬದುಕುತ್ತವೆ. ಎಲ್ಲವನ್ನೂ ಒಟ್ಟಿಗೆ ತರಬೇಡಿ. ಮೊದಲು ನಾಲ್ಕು ಮೀನು, ಎರಡು ವಾರ ಬಿಟ್ಟು ಮತ್ತೆ ನಾಲ್ಕು. ತಂದ ಕವರನ್ನು ಕಾಲು ಗಂಟೆ ತೊಟ್ಟಿಯಲ್ಲಿ ತೇಲಿಬಿಟ್ಟು, ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರು ಬೆರೆಸಿ, ಬಲೆಯಲ್ಲಿ ಮೀನನ್ನಷ್ಟೇ ಎತ್ತಿ ಬಿಡಿ. ಕವರಿನ ನೀರು ತೊಟ್ಟಿಗೆ ಬೀಳಬಾರದು. ಮೀನುಗಾರಿಕೆಯನ್ನು ಇನ್ನೂ ಆಳವಾಗಿ ಕಲಿಯಬೇಕೆನ್ನುವವರಿಗೆ ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಮೀನುಗಾರಿಕೆ ಸಂಶೋಧನಾ ಕೇಂದ್ರವಿದೆ.

ತಿಂಡಿ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಸೊಳ್ಳೆ ಸ್ಪ್ರೇ, ಸೊಳ್ಳೆ ಬತ್ತಿ ಆ ಕೋಣೆಯಲ್ಲಿ ಬೇಡವೇ ಬೇಡ. ಅವುಗಳಲ್ಲಿರುವ ಪೈರೆಥ್ರಾಯ್ಡ್ ಮನುಷ್ಯರಿಗಿಂತ ಮೀನಿಗೆ ಬಹಳ ಹೆಚ್ಚು ಅಪಾಯಕಾರಿ, ಗಾಳಿ ಪಂಪು ಅದನ್ನು ಎಳೆದು ನೇರ ನೀರಿಗೆ ಊದುತ್ತದೆ.

ಮಾರ್ಕೋನಹಳ್ಳಿಯ ಸೈಫನ್

ವಾರಕ್ಕೊಮ್ಮೆ ನಾಲ್ಕನೇ ಒಂದು ಪಾಲು ನೀರು ಬದಲಿಸಬೇಕು. ಇದಕ್ಕೆ ಬೇಕಾದ್ದು ಒಂದು ಪೈಪು, ಒಂದು ಬಕೆಟ್. ನೀರು ತುಂಬಿದ ಪೈಪಿನ ಒಂದು ತುದಿ ತೊಟ್ಟಿಯಲ್ಲಿ, ಇನ್ನೊಂದು ತುದಿ ಕೆಳಗಿನ ಬಕೆಟ್ಟಿನಲ್ಲಿದ್ದರೆ ನೀರು ಅಂಚು ಹತ್ತಿ ಇಳಿದು ಹರಿಯುತ್ತದೆ, ಮೇಲಿನ ತುದಿಗೆ ಗಾಳಿ ಹೊಕ್ಕರೆ ನಿಲ್ಲುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮಾರ್ಕೋನಹಳ್ಳಿ ಜಲಾಶಯದ ಸ್ವಯಂಚಾಲಿತ ಸೈಫನ್‌ಗಳು ಕೆಲಸ ಮಾಡುವುದೂ ಇದೇ ತತ್ವದ ಮೇಲೆ. ನೀರು ಗೊತ್ತಾದ ಮಟ್ಟ ಮೀರಿದರೆ ಕೊಳವೆಯೊಳಗಿನ ಗಾಳಿ ಹೊರಹೋಗಿ ನೀರು ತಾನಾಗಿ ಧುಮುಕುತ್ತದೆ, ಮಟ್ಟ ಇಳಿದು ಗಾಳಿ ಒಳಬಂದರೆ ತಾನಾಗಿ ನಿಲ್ಲುತ್ತದೆ. ಮಕ್ಕಳಿಗೆ ಕೋಡಿ ನೀರನ್ನು ತೋರಿಸಿ ಬಂದ ದಿನವೇ ಮನೆಯ ಪೈಪನ್ನೂ ಕೈಗೆ ಕೊಡಿ. ಒಂದೇ ಪಾಠ ಎರಡು ಕಡೆ ಅರ್ಥವಾಗುತ್ತದೆ.

ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು, ಕ್ಲೋರಿನ್ ನೀರು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ರಾತ್ರಿ ಗಿಡವೂ ಉಸಿರಾಡಿ ಆಮ್ಲಜನಕ ಬಳಸುವುದರಿಂದ, ಕರೆಂಟು ಹೋದ ರಾತ್ರಿಗಳಿಗೆ ಬ್ಯಾಟರಿಯ ಗಾಳಿ ಪಂಪೊಂದು ಇದ್ದರೆ ನಿಶ್ಚಿಂತೆ.

ಕೆರೆಗೆ ಸುರಿಯಬೇಡಿ

ಗಿಡ ಹೆಚ್ಚಾದಾಗ, ಮೀನು ಮರಿ ಹಾಕಿದಾಗ, ತೊಟ್ಟಿ ಸಾಕೆನಿಸಿದಾಗ ‘ಪಾಪ, ಬದುಕಿಕೊಳ್ಳಲಿ’ ಎಂದು ಕೆರೆಗೋ ನಾಲೆಗೋ ಬಿಡುವವರಿದ್ದಾರೆ. ಅದು ಕನಿಕರದಿಂದ ಮಾಡುವ ಹಾನಿ. ನಮ್ಮ ಕೆರೆಗಳಲ್ಲಿ ಯಾರಿಗೂ ಬೇಡವಾದ ಕಳೆಯಾಗಿರುವ ಹೈಡ್ರಿಲ್ಲಾ 1950ರ ದಶಕದಲ್ಲಿ ಅಕ್ವೇರಿಯಂ ಗಿಡವಾಗಿ ಅಮೆರಿಕದ ಫ್ಲಾರಿಡಾ ಸೇರಿತು. ಕಾಲುವೆಗಳಿಗೆ ತಪ್ಪಿಸಿಕೊಂಡು, ಇಂದಿಗೂ ಕೋಟಿಗಟ್ಟಲೆ ಖರ್ಚು ಮಾಡಿಸುವ ಪಿಡುಗಾಗಿದೆ. ದಕ್ಷಿಣ ಅಮೆರಿಕದಿಂದ ಅಂದಕ್ಕೆಂದು ಬಂದ ನೇರಳೆ ಹೂವಿನ ಕಳೆ ನಮ್ಮ ಕೆರೆಗಳನ್ನು ಮುಚ್ಚಿಹಾಕಿದೆ. ಗಾಜು ನೆಕ್ಕಲೆಂದು ಅಂಗಡಿಗಳಲ್ಲಿ ಮಾರುವ ಸಕ್ಕರ್ ಮೀನು ಅಡಿಯುದ್ದ ಬೆಳೆಯುತ್ತದೆ. ದಕ್ಷಿಣ ಭಾರತದ ಹಲವು ಕೆರೆ ನದಿಗಳಿಗೆ ನುಗ್ಗಿ, ಮುಳ್ಳುಮೈಯಿಂದ ಬೆಸ್ತರ ಬಲೆಗಳನ್ನೇ ಹರಿಯುತ್ತಿದೆ.

ಅಮೃತೂರಿನ ನಾಲೆಗೆ ಬಿಟ್ಟದ್ದು ಅಮೃತೂರಿನಲ್ಲೇ ನಿಲ್ಲುವುದಿಲ್ಲ. ಶಿಂಷಾ ಮುಂದೆ ಮದ್ದೂರು ಹಾದು ಕಾವೇರಿ ಸೇರುತ್ತದೆ. ಆದ್ದರಿಂದ ಸಕ್ಕರ್ ಮೀನನ್ನು ತರಲೇಬೇಡಿ. ಹೆಚ್ಚಾದ ಮೀನನ್ನು ನೆಂಟರಿಗೆ ಕೊಡಿ, ಅಂಗಡಿಗೆ ಹಿಂತಿರುಗಿಸಿ. ಕತ್ತರಿಸಿದ ಗಿಡವನ್ನು ಬಿಸಿಲಲ್ಲಿ ಒಣಗಿಸಿ ತೆಂಗಿನ ಬುಡಕ್ಕೆ ಹಾಕಿ. ಬದಲಿಸಿದ ನೀರನ್ನೂ ಅಲ್ಲಿಗೇ ಸುರಿಯಿರಿ, ಅದರಲ್ಲಿ ನೈಟ್ರೇಟ್ ಇರುತ್ತದೆ, ಮರಕ್ಕೆ ಒಳ್ಳೆಯದು. ಮನೆಯೊಳಗೆ ಒಂದು ತೊಟ್ಟಿ ನೀರನ್ನು ತಿಳಿಯಾಗಿಟ್ಟುಕೊಳ್ಳಲು ಏನೇನು ಬೇಕೆಂದು ಕಲಿತ ಕುಟುಂಬ ಊರ ಕೆರೆಗೆ ಚರಂಡಿ ಹರಿಯುವುದನ್ನು ಸುಮ್ಮನೆ ನೋಡಿಕೊಂಡಿರಲಾರದು. ಈ ಹವ್ಯಾಸದಿಂದ ನಾನು ನಿರೀಕ್ಷಿಸುವ ದೊಡ್ಡ ಲಾಭ ಅದೇ.